ಜಡಿಮಳೆಯ ನಾಡಿನಲ್ಲಿ ಕಿವಿ ಮೆಷಿನ್: ಮೊದಲ ಮೂರು ತಿಂಗಳು ಕೈಬಿಡದೆ ನಡೆಸುವುದು ಹೇಗೆ

ಕೊಡಗಿನಲ್ಲಿ ಎಷ್ಟೋ ಮನೆಗಳ ಬೀರುವಿನಲ್ಲಿ, ಹಳೆಯ ಕನ್ನಡಕ ಮತ್ತು ಬ್ಯಾಂಕ್ ಪಾಸ್‌ಬುಕ್‌ಗಳ ಜೊತೆ, ಒಂದು ಪುಟ್ಟ ಡಬ್ಬಿಯಲ್ಲಿ ಕಿವಿ ಮೆಷಿನ್ ಮಲಗಿರುತ್ತದೆ. ಸಾವಿರಾರು ರೂಪಾಯಿ ಕೊಟ್ಟು ತಂದದ್ದು. ಅಜ್ಜ ನಾಲ್ಕು ದಿನ ಹಾಕಿದರು, ‘ಬರೀ ಗಲಾಟೆ’ ಎಂದು ತೆಗೆದಿಟ್ಟರು. ಆಮೇಲೆ ಆಷಾಢದ ಮಳೆ ಬಂತು. ಮಳೆ ನಿಂತ ಮೇಲೆ ಯಾರೋ ಹೊರತೆಗೆದು ನೋಡಿದರೆ ಸೆಲ್ಲಿನ ಜಾಗದಲ್ಲಿ ಹಸಿರು ಕಿಲುಬು.

ಈ ಕಥೆಯಲ್ಲಿ ಎರಡು ತಪ್ಪುಗಳಿವೆ, ಎರಡನ್ನೂ ತಡೆಯಬಹುದು. ಒಂದು, ಮೆಷಿನ್ ಹಾಕಿದ ತಕ್ಷಣ ಕಿವಿ ಮೊದಲಿನಂತಾಗಬೇಕು ಎಂಬ ನಿರೀಕ್ಷೆ. ಶಬ್ದವನ್ನು ಕಿವಿಗೆ ತಲುಪಿಸುವುದಷ್ಟೇ ಮೆಷಿನ್ನಿನ ಕೆಲಸ. ಅದನ್ನು ಮಾತಾಗಿ ಬಿಡಿಸಿಕೊಳ್ಳುವುದು ಮಿದುಳು, ವರ್ಷಗಟ್ಟಲೆ ಆ ಶಬ್ದಗಳೇ ಬಾರದಿದ್ದ ಮಿದುಳಿಗೆ ಮತ್ತೆ ರೂಢಿಯಾಗಲು ವಾರಗಳು ಬೇಕು. ಇನ್ನೊಂದು, ತೇವ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟಿ ಮಳೆ ಸುರಿಯುವ ಮಡಿಕೇರಿಯಲ್ಲಿ, ಅದಕ್ಕೂ ಹೆಚ್ಚು ಬೀಳುವ ಭಾಗಮಂಡಲದ ಕಡೆ, ಬಯಲುಸೀಮೆಯವರಿಗೆ ಹೇಳುವ ‘ಒಣಗಿದ ಜಾಗದಲ್ಲಿಡಿ’ ಎಂಬ ಒಂದು ಸಾಲು ಯಾವುದಕ್ಕೂ ಸಾಲದು.

ಕೊಳ್ಳುವ ಮೊದಲು ಪರೀಕ್ಷೆ

‘ಶಬ್ದ ಕೇಳುತ್ತೆ, ಏನು ಹೇಳ್ತಾರೆ ಅಂತ ತಿಳಿಯಲ್ಲ.’ ವಯಸ್ಸಿನಿಂದಲೋ ಗದ್ದಲದಿಂದಲೋ ಕಿವಿ ಮಂದವಾದವರು ಹೇಳುವ ಮಾತು ಹೆಚ್ಚಾಗಿ ಇದೇ. ಒಳಗಿವಿಯ ಶಂಖದಲ್ಲಿ ಶಬ್ದ ಹಿಡಿಯುವ ಕೂದಲ ಕೋಶಗಳು ಹದಿನೈದು ಸಾವಿರದ ಆಸುಪಾಸು ಇರುತ್ತವೆ. ಸತ್ತರೆ ಮನುಷ್ಯನಲ್ಲಿ ಅವು ಮತ್ತೆ ಹುಟ್ಟುವುದಿಲ್ಲ. ಮೊದಲು ಸಾಯುವುದು ಕೀಚಲು ಸ್ವರಗಳನ್ನು ಹಿಡಿಯುವ ಕೋಶಗಳು. ಆ, ಈ, ಓ ಮುಂತಾದ ಸ್ವರಾಕ್ಷರಗಳು ತಗ್ಗು ಸ್ಥಾಯಿಯವು, ಉಳಿದುಕೊಳ್ಳುತ್ತವೆ. ಸ, ಶ, ಚ, ತ, ಕ ಹೋಗುತ್ತವೆ. ಹಾಗಾಗಿ ಹಕ್ಕಿ, ಹತ್ತಿ, ಹಚ್ಚಿ ಮೂರೂ ಒಂದೇ ಆಗಿ ಕೇಳುತ್ತವೆ. ಉಪ್ಪು ಎಂದು ಹೇಳಿದರೆ ಉಕ್ಕು ಅನ್ನಿಸುತ್ತದೆ.

ಇಎನ್‌ಟಿ ವೈದ್ಯರ ಬಳಿ ಮೊದಲು ಗುಗ್ಗೆ ತೆಗೆಸಿ. ಗಟ್ಟಿಯಾಗಿ ಕೂತ ಗುಗ್ಗೆಯೇ ಕಿವಿಯನ್ನು ಸಾಕಷ್ಟು ಮಂದ ಮಾಡುತ್ತದೆ, ಅದಿದ್ದಾಗ ಮಾಡಿದ ಪರೀಕ್ಷೆಯ ಲೆಕ್ಕವೂ ತಪ್ಪುತ್ತದೆ. ಪಿನ್ನು, ಬೆಂಕಿಕಡ್ಡಿ, ಇಯರ್‌ಬಡ್ ಯಾವುದನ್ನೂ ಕಿವಿಗೆ ಹಾಕಬೇಡಿ. ಕಿವಿ ಸೋರುತ್ತಿದ್ದರೆ, ಒಂದೇ ಕಿವಿ ಮಂದವಾಗಿದ್ದರೆ, ತಲೆಸುತ್ತು ಅಥವಾ ನೋವು ಇದ್ದರೆ ಮೆಷಿನ್ನಿನ ಮಾತು ಆಮೇಲೆ, ಮೊದಲು ಕಾರಣ ತಿಳಿಯಬೇಕು. ನಿನ್ನೆ ಕೇಳುತ್ತಿದ್ದ ಕಿವಿ ಇವತ್ತು ಬೆಳಗ್ಗೆ ಕೇಳದಿದ್ದರೆ ‘ಶೀತ, ಸರಿಹೋಗುತ್ತೆ’ ಎಂದು ಕಾಯಬೇಡಿ. ಅದು ತುರ್ತು. ಸ್ಟೆರಾಯ್ಡ್ ಚಿಕಿತ್ಸೆ ಬೇಗ ಸಿಕ್ಕಷ್ಟೂ ಕಿವಿ ಮರಳುವ ಸಾಧ್ಯತೆ ಹೆಚ್ಚು, ತಡವಾದರೆ ಅವಕಾಶವೇ ಕೈತಪ್ಪುತ್ತದೆ. ಮಳೆ ಇದ್ದರೂ ಅಂದೇ ಹೊರಡಿ.

ಮಡಿಕೇರಿಯ ಕೊಡಗು ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆಯಲ್ಲಿ ಇಎನ್‌ಟಿ ವಿಭಾಗವಿದೆ. ಕಿವಿ ಮತ್ತು ಮಾತಿಗೆಂದೇ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮೈಸೂರಿನ ಮಾನಸಗಂಗೋತ್ರಿಯಲ್ಲಿದೆ, ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್. ಹೊಸಬರು ಬೆಳಗ್ಗೆ ಬೇಗ ತಲುಪುವಂತೆ ಹೊರಡುವುದು ಒಳ್ಳೆಯದು. ಪರೀಕ್ಷೆಗಳು ಒಂದರ ಹಿಂದೆ ಒಂದು ಇರುತ್ತವೆ, ಇಡೀ ದಿನ ಹಿಡಿಯಬಹುದು.

ಪರೀಕ್ಷೆಯ ಕೊನೆಗೆ ಆಡಿಯೋಗ್ರಾಮ್ ಎಂಬ ನಕ್ಷೆ ಕೊಡುತ್ತಾರೆ. ಕೆಂಪು ಗುರುತು ಬಲಗಿವಿ, ನೀಲಿ ಎಡಗಿವಿ. ಎಡದಿಂದ ಬಲಕ್ಕೆ ಹೋದಂತೆ ಶಬ್ದ ತಗ್ಗಿನಿಂದ ಕೀಚಲಿಗೆ ಹೋಗುತ್ತದೆ, 250ರಿಂದ 8000 ಹರ್ಟ್ಸ್‌ವರೆಗೆ. ಗೆರೆ ಕೆಳಗಿಳಿದಷ್ಟೂ ನಷ್ಟ ಹೆಚ್ಚು. ವಯಸ್ಸಾದವರ ಗೆರೆ ಮೊದಲು ಸಪಾಟಾಗಿ ಬಂದು ಆಮೇಲೆ ಬಲಕ್ಕೆ ಇಳಿಜಾರಾಗಿರುತ್ತದೆ. ಗಾಳಿಯಿಂದ ಬಂದ ಶಬ್ದಕ್ಕೂ ಮೂಳೆಯಿಂದ ಬಂದ ಶಬ್ದಕ್ಕೂ ನಡುವೆ ಅಂತರ ಕಂಡರೆ ತೊಂದರೆ ಕಿವಿಯ ತಮಟೆ ಅಥವಾ ನಡುಗಿವಿಯಲ್ಲಿರಬಹುದು, ಔಷಧಿಯಲ್ಲೋ ಶಸ್ತ್ರಚಿಕಿತ್ಸೆಯಲ್ಲೋ ಸರಿಹೋಗಬಹುದು. ನಕ್ಷೆಯ ಪ್ರತಿಯನ್ನು ಕೇಳಿ ಪಡೆದು ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿಡಿ, ಮುಂದೆ ಪ್ರತಿ ಸಲವೂ ಬೇಕು.

ಹಣದ ಬಗ್ಗೆ ಒಂದೆರಡು ಮಾತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಂತೆ ಮಾತಿನ ಸ್ಥಾಯಿಗಳಲ್ಲಿ ಎರಡೂ ಕಿವಿಗಳಿಗೆ 60ರಿಂದ 70 ಡೆಸಿಬೆಲ್ (ಶಬ್ದದ ಜೋರಿನ ಅಳತೆ) ನಷ್ಟವಿದ್ದರೆ ಮಂದಶ್ರವಣ, 70 ದಾಟಿದರೆ ಕಿವುಡು. ಯುಡಿಐಡಿ ಎಂಬ ವಿಕಲಚೇತನರ ಗುರುತಿನ ಕಾರ್ಡು ಮಾಡಿಸಿಕೊಂಡು, ಆದಾಯ ಪ್ರಮಾಣಪತ್ರದೊಂದಿಗೆ ಕೇಂದ್ರದ ‘ಅಡಿಪ್’ ಯೋಜನೆಯಲ್ಲಿ ಮೆಷಿನ್‌ಗೆ ಅರ್ಜಿ ಹಾಕಬಹುದು. ನಮ್ಮ ಜಿಲ್ಲೆಯಲ್ಲಿ ಸೈನ್ಯದಿಂದ ನಿವೃತ್ತರಾದವರು ಬಹಳ ಮಂದಿ. ಇಸಿಎಚ್‌ಎಸ್ (ನಿವೃತ್ತ ಸೈನಿಕರ ಆರೋಗ್ಯ ಯೋಜನೆ) ಸದಸ್ಯತ್ವ ಇದ್ದರೆ ಸ್ವಂತ ದುಡ್ಡು ಕೊಡುವ ಮೊದಲು ನಿಮ್ಮ ಪಾಲಿಕ್ಲಿನಿಕ್‌ನಲ್ಲಿ ವಿಚಾರಿಸಿ.

ಆನ್‌ಲೈನಿನಲ್ಲಿ, ಸಂತೆಯಲ್ಲಿ ಒಂದೆರಡು ಸಾವಿರಕ್ಕೆ ಸಿಗುವ ‘ಸೌಂಡ್ ಆಂಪ್ಲಿಫೈಯರ್’ ಕಿವಿ ಮೆಷಿನ್ ಅಲ್ಲ. ಅದು ಎಲ್ಲ ಶಬ್ದವನ್ನೂ ಒಂದೇ ಸಮ ಏರಿಸುತ್ತದೆ. ನಿಮಗೆ ಚೆನ್ನಾಗಿಯೇ ಕೇಳುವ ತಗ್ಗು ಸ್ವರವೂ ಏರಿ, ಉಳಿದಿರುವ ಕಿವಿಗೂ ಪೆಟ್ಟು.

ಯಾವುದನ್ನು ಆರಿಸಬೇಕು

ಕಿವಿಯ ಹಿಂದೆ ಕೂರುವ ಮಾದರಿಯೇ ಕೊಡಗಿಗೆ ಸರಿ ಎಂಬುದು ನಮ್ಮ ಖಚಿತ ಅಭಿಪ್ರಾಯ. ಕಿವಿಯ ಒಳಗೇ ಅಡಗುವ ಪುಟ್ಟ ಮೆಷಿನ್ ನೋಡಲು ಚೆಂದ. ಆದರೆ ಅದರ ಎಲೆಕ್ಟ್ರಾನಿಕ್ಸ್ ಎಲ್ಲ ಬಿಸಿ, ತೇವ, ಗುಗ್ಗೆ ಮೂರೂ ಇರುವ ಜಾಗದಲ್ಲೇ ದಿನವಿಡೀ ಕೂತಿರುತ್ತದೆ. ಹಿಂದೆ ಕೂರುವ ಮೆಷಿನ್ನಿನಲ್ಲಿ ಕಿವಿಯೊಳಗೆ ಹೋಗುವುದು ಕಿವಿಯ ಅಚ್ಚಿಗೆ ಮಾಡಿದ ಮೋಲ್ಡ್ ಅಥವಾ ಮೆದು ಟೋಪಿಯಂಥ ಡೋಮ್ ಮಾತ್ರ, ಅದನ್ನು ಕಳಚಿ ತೊಳೆಯಬಹುದು.

ಎರಡೂ ಕಿವಿ ಮಂದವಿದ್ದರೆ ಎರಡಕ್ಕೂ ಹಾಕಿಸಿ. ಶಬ್ದ ಯಾವ ದಿಕ್ಕಿನದು ಎಂದು ಮಿದುಳು ಲೆಕ್ಕ ಹಾಕುವುದು ಎರಡು ಕಿವಿಗಳಿಗೆ ಅದು ತಲುಪುವ ಹೊತ್ತು ಮತ್ತು ಜೋರಿನ ವ್ಯತ್ಯಾಸದಿಂದ. ಬೆಳಗಿನ ಮಂಜಿನಲ್ಲಿ ತೋಟಕ್ಕೆ ಇಳಿಯುವವರಿಗೆ ಕೊಂಬೆ ಮುರಿದ ಸದ್ದು ಎಡಗಡೆಯದೋ ಬಲಗಡೆಯದೋ ಎಂಬುದು ಪ್ರಾಣದ ಪ್ರಶ್ನೆ. ಒಂದೇ ಮೆಷಿನ್ ಇದ್ದರೆ ಎಲ್ಲ ಸದ್ದೂ ಆ ಕಡೆಯಿಂದಲೇ ಬಂದಂತೆ ಕೇಳುತ್ತದೆ. ಎರಡು ಹಾಕಿದರೂ ಮೊದಲ ಕೆಲವು ವಾರ ದಿಕ್ಕಿನ ಅಂದಾಜು ತಪ್ಪುತ್ತದೆ. ಅಷ್ಟು ದಿನ ಆನೆ ಓಡಾಟವಿರುವ ಕಡೆ ಒಬ್ಬರೇ ಹೋಗಬೇಡಿ.

ಚಾರ್ಜ್ ಮಾಡುವುದೋ, ಸೆಲ್ ಹಾಕುವುದೋ? ಬೆರಳು ನಡುಗುವವರಿಗೆ, ಕಣ್ಣು ಮಂದವಾದವರಿಗೆ ಚಾರ್ಜಿನದೇ ಸುಲಭ. ಆದರೆ ಒಂದು ಚಾರ್ಜು ಒಂದು ದಿನಕ್ಕೆ. ಮರ ಬಿದ್ದು ಎರಡು ಮೂರು ದಿನ ಕರೆಂಟು ಹೋಗುವ ಊರಿನವರು ಚಾರ್ಜರ್ ಯುಎಸ್‌ಬಿ ಮೂಲಕ ಪವರ್‌ಬ್ಯಾಂಕಿನಿಂದ ನಡೆಯುತ್ತದೆಯೇ ಎಂದು ಅಂಗಡಿಯಲ್ಲೇ ಹಾಕಿ ತೋರಿಸಲು ಹೇಳಿ. ನಡೆಯದಿದ್ದರೆ ಸೆಲ್ಲಿನ ಮೆಷಿನ್ ತೆಗೆದುಕೊಳ್ಳಿ. ಸೆಲ್ಲಿನ ಅಳತೆ ಬಣ್ಣದಿಂದ ಗೊತ್ತಾಗುತ್ತದೆ: 10 ಹಳದಿ, 312 ಕಂದು, 13 ಕಿತ್ತಳೆ, 675 ನೀಲಿ. ಎಲ್ಲ ಕಂಪನಿಗೂ ಇದೇ ಬಣ್ಣ. ಆಯ್ಕೆ ಇದ್ದರೆ 13 ಒಳ್ಳೆಯದು. ಕೈಯಲ್ಲಿ ಹಿಡಿಯಲು ಸಿಗುತ್ತದೆ, ವಾರದಿಂದ ಎರಡು ವಾರ ಬರುತ್ತದೆ.

ಕೊಡುವವರನ್ನು ಒಂದು ಪ್ರಶ್ನೆ ತಪ್ಪದೆ ಕೇಳಿ: ‘ಕಿವಿಯೊಳಗೆ ಸಣ್ಣ ನಳಿಗೆ ಇಟ್ಟು ಶಬ್ದ ಅಳೆದು ಸೆಟ್ ಮಾಡ್ತೀರಾ?’ ಮೆಷಿನ್ ಹಾಕಿಕೊಂಡಾಗ ತಮಟೆಯ ಬಳಿ ನಿಜಕ್ಕೂ ಎಷ್ಟು ಶಬ್ದ ತಲುಪುತ್ತಿದೆ ಎಂದು ಅಳೆಯುವ ಕ್ರಮ ಅದು. ಪ್ರತಿಯೊಬ್ಬರ ಕಿವಿಯ ನಾಳದ ಗಾತ್ರ ಬೇರೆ. ಕಂಪ್ಯೂಟರಿನ ಅಂದಾಜಿಗೆ ಬಿಟ್ಟರೆ ಸಾಮಾನ್ಯವಾಗಿ ಕೀಚಲು ಸ್ವರ ಕಡಿಮೆ ಬೀಳುತ್ತದೆ, ಎಂದರೆ ನಿಮಗೆ ಬೇಕಾದದ್ದೇ ಸಿಗುವುದಿಲ್ಲ.

ಮೊದಲ ಸಂಜೆಯ ಜೀರುಂಡೆ

ಮೆಷಿನ್ ಹಾಕಿಸಿಕೊಂಡು ಮನೆಗೆ ಬಂದ ಸಂಜೆ ನೂರಕ್ಕೆ ನೂರು ಬರುವ ದೂರು: ‘ಇದು ಕಿರ್ ಅಂತ ಸದ್ದು ಮಾಡ್ತಾನೇ ಇದೆ, ಕೆಟ್ಟಿದೆ.’ ಬಹಳ ಸಲ ಅದು ಮೆಷಿನ್ನಿನ ಸದ್ದಲ್ಲ, ತೋಟದ ಜೀರುಂಡೆ. ಅದರ ಕೂಗು ಅತಿ ಕೀಚಲು ಸ್ಥಾಯಿಯದು, ನಿಮ್ಮ ಕಿವಿಯಿಂದ ಎಲ್ಲಕ್ಕಿಂತ ಮೊದಲು ಹೋದ ಸ್ಥಾಯಿ. ಹತ್ತು ವರ್ಷದಿಂದ ಕೇಳದ್ದು ಒಮ್ಮೆಗೇ ಬಂದಾಗ ಮಿದುಳಿಗೆ ಅದು ಮುಖ್ಯವೋ ಅಲ್ಲವೋ ತಿಳಿಯದು, ಎಲ್ಲವನ್ನೂ ಮುಂದೆ ತಂದು ನಿಲ್ಲಿಸುತ್ತದೆ. ಪಕ್ಕದವರನ್ನು ‘ಜೀರುಂಡೆ ಕೂಗ್ತಾ ಇದೆಯಾ?’ ಎಂದು ಕೇಳಿ. ಹೌದೆಂದರೆ ಮೆಷಿನ್ ಸರಿಯಾಗಿದೆ. ಬಾಗಿಲು ಕಿಟಕಿ ಮುಚ್ಚಿ, ಹಾಸಿಗೆ ಕಂಬಳಿ ಇರುವ ಕೋಣೆಯಲ್ಲಿ ಕೂತಾಗ ಸದ್ದು ಇಳಿದರೂ ಅಷ್ಟೇ. ಮುಚ್ಚಿದ ಕೋಣೆಯಲ್ಲೂ ಅಷ್ಟೇ ಜೋರಾಗಿ ಉಳಿದರೆ ಮಾತ್ರ ಮೆಷಿನ್ ಹಿಡಿದುಕೊಂಡು ವಾಪಸ್ ಹೋಗಿ.

ಒಗ್ಗರಣೆಯ ಚಟಪಟ, ಪೇಪರು ಮಡಚುವುದು, ಒಣಗಿದ ಸಿಲ್ವರ್ ಓಕ್ ಎಲೆಯ ಮೇಲೆ ಕಾಲಿಟ್ಟ ಸದ್ದು, ಎಲ್ಲವೂ ಮೊದಲ ವಾರ ಅತಿಯಾಗಿಯೇ ಕೇಳುತ್ತವೆ. ನಿಮ್ಮದೇ ಧ್ವನಿ ಕೊಡದೊಳಗಿಂದ ಬಂದಂತಿರುತ್ತದೆ. ಇವು ಬಹುಪಾಲು ತಾವಾಗಿಯೇ ತಗ್ಗುತ್ತವೆ, ಷರತ್ತು ಒಂದೇ: ದಿನವೂ ಹಾಕಬೇಕು. ಮದುವೆಗೊಮ್ಮೆ, ಮೀಟಿಂಗಿಗೊಮ್ಮೆ ಹಾಕಿದರೆ ಪ್ರತಿ ಸಲವೂ ಮೊದಲ ದಿನವೇ ಆಗುತ್ತದೆ.

ಮೊದಲ ವಾರ ಮನೆಯೊಳಗೆ, ಮೂರು ನಾಲ್ಕು ಗಂಟೆ, ಎರಡು ಮೂರು ಕಂತಿನಲ್ಲಿ. ಒಬ್ಬರೊಂದಿಗೆ ಮಾತು, ಎದುರುಬದುರು, ಒಂದು ಮೀಟರ್ ದೂರ. ದೂರ ಇಮ್ಮಡಿಯಾದರೆ ಮಾತಿನ ಜೋರು 6 ಡೆಸಿಬೆಲ್ ಇಳಿಯುತ್ತದೆ. ಅಡುಗೆಮನೆಯಿಂದ ಕೂಗಿದ್ದು ಜಗಲಿಯಲ್ಲಿ ತಿಳಿಯದಿದ್ದರೆ ಅದು ಮೆಷಿನ್ನಿನ ತಪ್ಪಲ್ಲ. ಎರಡನೇ ವಾರ ಆರು ಗಂಟೆ, ಇಬ್ಬರು ಮಾತಾಡುವ ಕಡೆ, ಅಂಗಳದಲ್ಲಿ. ಮೂರು ನಾಲ್ಕನೇ ವಾರದಲ್ಲಿ ಎದ್ದಾಗಿನಿಂದ ಮಲಗುವವರೆಗೆ. ಸ್ನಾನಕ್ಕೆ ಮತ್ತು ನಿದ್ದೆಗೆ ಮಾತ್ರ ತೆಗೆಯಿರಿ. ಕುಶಾಲನಗರದ ಸಂತೆ, ಬಸ್ಸು ಎರಡನೇ ತಿಂಗಳಿಗಿರಲಿ. ವಾಲಗ ಇರುವ ಮದುವೆಮನೆ ಎಲ್ಲಕ್ಕಿಂತ ಕಷ್ಟದ ಪರೀಕ್ಷೆ. ಅಲ್ಲಿ ಕಿವಿ ಚೆನ್ನಾಗಿರುವವರಿಗೂ ಅರ್ಧ ಮಾತು ಕೇಳುವುದಿಲ್ಲ, ಅದನ್ನು ಅಳತೆಗೋಲು ಮಾಡಿಕೊಳ್ಳಬೇಡಿ.

ದಿನಕ್ಕೆ ಹದಿನೈದು ಇಪ್ಪತ್ತು ನಿಮಿಷ ಬೇರೆಯಾಗಿ ಅಭ್ಯಾಸವೂ ಬೇಕು. ಮೊಮ್ಮಗಳೋ ಸೊಸೆಯೋ ದಿನಪತ್ರಿಕೆಯ ಸುದ್ದಿ ಓದಲಿ. ನೀವು ಇನ್ನೊಂದು ಪ್ರತಿಯಲ್ಲೋ ಪಕ್ಕದಲ್ಲಿ ಕೂತು ಅದರಲ್ಲೋ ಬೆರಳಿಟ್ಟು ಸಾಲು ಹಿಂಬಾಲಿಸಿ. ಕಣ್ಣಿಗೆ ಕಂಡ ಅಕ್ಷರ, ಕಿವಿಗೆ ಬಿದ್ದ ಸದ್ದು ಎರಡೂ ಒಟ್ಟಿಗೆ ಸಿಕ್ಕಾಗ ಮಿದುಳು ಬೇಗ ಜೋಡಿಸಿಕೊಳ್ಳುತ್ತದೆ. ಒಂದು ವಾರದ ನಂತರ ಪತ್ರಿಕೆ ನೋಡದೆ ಕೇಳಿ, ಪ್ರತಿ ವಾಕ್ಯವನ್ನು ತಿರುಗಿ ಹೇಳಿ. ಆಮೇಲೆ ಓದುವವರು ನಿಮ್ಮ ಬೆನ್ನ ಹಿಂದೆ ಕೂರಲಿ, ತುಟಿ ಕಾಣದಂತೆ. ಕಡೆಗೆ ರೇಡಿಯೋ. ಆಕಾಶವಾಣಿ ಮಡಿಕೇರಿಯಲ್ಲಿ ನಿಮಗೆ ಪರಿಚಯದ ಊರುಗಳ ಹೆಸರು ಬರುವುದರಿಂದ ಟಿವಿಯ ಗದ್ದಲಕ್ಕಿಂತ ಹಿಡಿಯಲು ಸುಲಭ. ಜೋಡಿ ಪದಗಳ ಆಟವೂ ಒಳ್ಳೆಯದು: ಕತ್ತಿ-ಕಚ್ಚಿ, ಕಾಸು-ಕಾಟು, ಬೆಕ್ಕು-ಬೆಟ್ಟು. ಹೇಳುವವರು ಬಾಯಿಗೆ ಕಾಗದ ಅಡ್ಡ ಹಿಡಿದು ಒಂದನ್ನು ಹೇಳಲಿ, ನೀವು ಯಾವುದೆಂದು ಹೇಳಿ. ತಪ್ಪಾದರೆ ತುಟಿ ತೋರಿಸಿ ಮತ್ತೆ ಹೇಳಲಿ.

ಎರಡು ಮೂರು ವಾರಕ್ಕೆ ಆಡಿಯಾಲಜಿಸ್ಟ್ (ಕಿವಿ ಪರೀಕ್ಷಿಸಿ ಮೆಷಿನ್ ಸೆಟ್ ಮಾಡುವ ತಜ್ಞರು) ಬಳಿ ಮರಳಿ ಹೋಗಲೇಬೇಕು. ‘ಸರಿಯಾಗಿ ಕೇಳಲ್ಲ’ ಎಂದಷ್ಟೇ ಹೇಳಿದರೆ ಅವರಿಗೆ ಏನು ತಿರುಗಿಸಬೇಕೆಂದು ತಿಳಿಯುವುದಿಲ್ಲ. ಚೀಟಿಯಲ್ಲಿ ಬರೆದುಕೊಂಡು ಹೋಗಿ. ಸ್ಟೀಲ್ ತಟ್ಟೆ ಬಿದ್ದರೆ ಚುಚ್ಚುತ್ತದೆ ಎಂದರೆ ಜೋರು ಶಬ್ದದ ಮಿತಿ ಇಳಿಸುತ್ತಾರೆ. ನನ್ನ ಧ್ವನಿ ಗುಂಯ್‌ಗುಡುತ್ತದೆ ಎಂದರೆ ಮೋಲ್ಡಿನ ಗಾಳಿರಂಧ್ರ ದೊಡ್ಡದು ಮಾಡುತ್ತಾರೆ ಅಥವಾ ಡೋಮ್ ಬದಲಿಸುತ್ತಾರೆ. ಗಂಡಸರ ಮಾತು ತಿಳಿಯುತ್ತದೆ, ಮಕ್ಕಳದು ತಿಳಿಯುವುದಿಲ್ಲ ಎಂದರೆ ಕೀಚಲು ಸ್ವರ ಏರಿಸುತ್ತಾರೆ. ಅವರು ಮೆಷಿನ್ನನ್ನು ಕಂಪ್ಯೂಟರಿಗೆ ಜೋಡಿಸಿದರೆ ದಿನಕ್ಕೆ ಎಷ್ಟು ಗಂಟೆ ಹಾಕಿದ್ದೀರಿ ಎಂಬ ಲೆಕ್ಕ ಹೆಚ್ಚಿನ ಮಾದರಿಗಳಲ್ಲಿ ಕಾಣುತ್ತದೆ. ಎಷ್ಟು ಹಾಕಿದ್ದೀರೋ ಅಷ್ಟೇ ಹೇಳಿ.

ಮನೆಯವರ ಪಾಲು

ಕೂಗಬೇಡಿ. ಕೂಗಿದಾಗ ಹಿಗ್ಗುವುದು ಆಆ, ಓಓ ಮಾತ್ರ. ಕಳೆದುಹೋಗಿರುವ ತ, ಸ, ಕ ಹಾಗೆಯೇ ಉಳಿಯುತ್ತವೆ. ಮಂದ ಕಿವಿಗೆ ಮೆಲ್ಲಗಿನ ಸದ್ದು ಕೇಳುವುದಿಲ್ಲ, ಜೋರಿನ ಸದ್ದು ಎಲ್ಲರಷ್ಟೇ, ಕೆಲವೊಮ್ಮೆ ಹೆಚ್ಚೇ ನೋಯಿಸುತ್ತದೆ. ಮೊದಲು ಹೆಸರು ಹಿಡಿದು ಕರೆಯಿರಿ, ಮುಖ ತಿರುಗಿದ ಮೇಲೆ ಮಾತು ಶುರುಮಾಡಿ, ತುಸು ನಿಧಾನ. ತಿಳಿಯದಿದ್ದರೆ ಅದೇ ಪದವನ್ನು ಮೂರು ಸಲ ಹೇಳುವ ಬದಲು ಬೇರೆ ಮಾತಿನಲ್ಲಿ ಹೇಳಿ: ‘ಅತ್ತೆ ಬಂದ್ರು’ ತಿಳಿಯದಿದ್ದರೆ ‘ವಿರಾಜಪೇಟೆಯಿಂದ ಅತ್ತೆ ಬಂದಿದ್ದಾರೆ, ಹೊರಗೆ ಕೂತಿದ್ದಾರೆ.’ ‘ಏನಿಲ್ಲ ಬಿಡಿ’ ಎಂದು ಮಾತ್ರ ಹೇಳಬೇಡಿ. ಮೆಷಿನ್ ತೆಗೆದಿಡುವ ಮನಸ್ಸು ಬರುವುದು ಆ ಮಾತು ಕೇಳಿದಾಗ.

ಮಳೆಗಾಲದ ರಾತ್ರಿ ಕೆಲಸ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದನ್ನು ಒಂದು ರಾತ್ರಿಯೂ ತಪ್ಪಿಸಬೇಡಿ.

ಬೇಕಾದ್ದು: ಮುಚ್ಚಳ ಬಿಗಿಯಾಗಿ ಕೂರುವ ಕಾಲು ಲೀಟರಿನ ಡಬ್ಬಿ, 50 ಗ್ರಾಂ ಸಿಲಿಕಾ ಜೆಲ್ ಮಣಿ, ಅದನ್ನು ಕಟ್ಟಲು ತೆಳು ಹತ್ತಿಬಟ್ಟೆ, ಒಂದು ಒಣ ಮೆದು ಬಟ್ಟೆ, ರಬ್ಬರ್ ಗಾಳಿಬುಡ್ಡೆ, ಮೆಷಿನ್ ಜೊತೆ ಬಂದ ಪುಟ್ಟ ಬ್ರಷ್ಷು. ಬಣ್ಣ ಬದಲಾಗುವ ಮಣಿಯನ್ನೇ ಕೊಳ್ಳಿ. ಕಿತ್ತಳೆ ಬಣ್ಣದ್ದು ತೇವ ಹೀರಿದಾಗ ಹಸಿರಾಗುತ್ತದೆ. ನೀಲಿಯದು ಗುಲಾಬಿಯಾಗುತ್ತದೆ, ಆದರೆ ಅದರಲ್ಲಿ ಕೋಬಾಲ್ಟ್ ಕ್ಲೋರೈಡ್ ಎಂಬ ವಿಷವಸ್ತು ಇರುವುದರಿಂದ ಮನೆಬಳಕೆಗೆ ಕಿತ್ತಳೆಯದೇ ಮೇಲು. ಎರಡನ್ನೂ ಮಕ್ಕಳ ಕೈಗೆ ಸಿಗದಂತೆ ಇಡಿ. ಅಕ್ಕಿಯಲ್ಲಿ ಹುಗಿದಿಡುವುದು ಬೇಡ. ಅದು ಹೀರುವ ತೇವ ಅತ್ಯಲ್ಪ, ಅದರ ಹುಡಿ ಮೈಕಿನ ರಂಧ್ರಕ್ಕೆ ಹೋಗುತ್ತದೆ.

ಮಲಗುವ ಮೊದಲು ಮೆಷಿನ್ ತೆಗೆದು ಒಣಬಟ್ಟೆಯಲ್ಲಿ ಒರೆಸಿ. ಸೆಲ್ಲಿನ ಬಾಗಿಲು ತೆರೆದು ಸೆಲ್ ಹೊರತೆಗೆಯಿರಿ, ಸೆಲ್ಲನ್ನೂ ಅದರ ಮನೆಯನ್ನೂ ಒರೆಸಿ. ಬಾಗಿಲು ತೆರೆದಿರುವಂತೆಯೇ ಮೆಷಿನ್ನನ್ನು ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿ. ಸೆಲ್ ಡಬ್ಬಿಯ ಹೊರಗೇ ಇರಲಿ. ಈ ಸೆಲ್‌ಗಳು ಸತು ಮತ್ತು ಗಾಳಿಯಿಂದ ಕೆಲಸ ಮಾಡುವಂಥವು, ಒಳಗಿನ ದ್ರವವನ್ನು ಸಿಲಿಕಾ ಹೀರಿದರೆ ಬೇಗ ಸಾಯುತ್ತವೆ. ಚಾರ್ಜಿನ ಮೆಷಿನ್ನಾದರೆ ಆಫ್ ಮಾಡಿ ಒಂದೆರಡು ಗಂಟೆ ಡಬ್ಬಿಯಲ್ಲಿಟ್ಟು ಆಮೇಲೆ ಚಾರ್ಜರ್‌ಗೆ ಹಾಕಿ.

ಮಣಿಯ ಬಣ್ಣ ತಿರುಗಿದಾಗ, ಮಳೆಗಾಲದಲ್ಲಿ ಇದು ಬೇಗ ಆಗುತ್ತದೆ, ಅಡುಗೆಗೆ ಬಳಸದ ಹಳೆಯ ಕಾವಲಿಯ ಮೇಲೆ ಒಂದೇ ಪದರವಾಗಿ ಹರಡಿ, ಸಣ್ಣ ಉರಿಯಲ್ಲಿ, ಕಿಟಕಿ ತೆರೆದಿಟ್ಟು, ಬಣ್ಣ ಮರಳುವವರೆಗೆ ಬಿಸಿ ಮಾಡಿ. ಜೋರು ಉರಿ ಕೊಟ್ಟರೆ ಬಣ್ಣ ಸುಟ್ಟು ಕಪ್ಪಾಗುತ್ತದೆ, ಮತ್ತೆ ತೇವ ತಿಳಿಯದು. ಆರುವಾಗ ಮುಚ್ಚಿದ ಪಾತ್ರೆಯಲ್ಲೇ ಆರಲಿ, ತೆರೆದಿಟ್ಟರೆ ಕೋಣೆಯ ತೇವವನ್ನೇ ಹೀರಿಕೊಳ್ಳುತ್ತದೆ.

ಬಟ್ಟೆ ಒಣಗಿಸುವ ಅಗ್ಗಿಷ್ಟಿಕೆಯ ಪಕ್ಕ, ಒಲೆಯ ಮೇಲಿನ ಅಟ್ಟದಲ್ಲಿ ಮೆಷಿನ್ ಇಡುವ ಅಭ್ಯಾಸ ಇಲ್ಲಿ ಸಹಜ, ಉಳಿದೆಲ್ಲವನ್ನೂ ಅಲ್ಲೇ ಒಣಗಿಸುತ್ತೇವಲ್ಲ. ಮೆಷಿನ್‌ಗೆ ಮಾತ್ರ ಅದು ಸಲ್ಲದು. ಕಾವಿಗೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ, ಹೊಗೆಯ ಜಿಡ್ಡು ಮೈಕಿನ ಜಾಲರಿಗೆ ಅಂಟುತ್ತದೆ, ಚಾರ್ಜಿನದಾದರೆ ಬ್ಯಾಟರಿಗೂ ಅಪಾಯ. ಹೇರ್‌ಡ್ರೈಯರ್ ಕೂಡ ಬೇಡ.

ಚಳಿಯ ಮುಂಜಾನೆ ಇನ್ನೊಂದು ತೊಂದರೆ ಕಾಣಬಹುದು. ಮೆಷಿನ್ನಿನಿಂದ ಮೋಲ್ಡಿಗೆ ಹೋಗುವ ಪಾರದರ್ಶಕ ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಿ. ಬಾಗಿದ ಕಡೆ, ಸಾಸಿವೆಕಾಳಿನಷ್ಟು, ಒಂದು ಹನಿ ನೀರು ನಿಂತಿರುತ್ತದೆ. ಕಿವಿಯೊಳಗಿನ ಬಿಸಿ ತೇವದ ಗಾಳಿ ಹೊರಗಿನ ತಣ್ಣನೆಯ ನಳಿಗೆಗೆ ತಾಗಿ ಹನಿಗಟ್ಟುವುದು, ಲೋಟದ ಮೇಲೆ ಆವಿ ಕೂರುವ ಹಾಗೆ. ಆ ಒಂದು ಹನಿ ಶಬ್ದದ ದಾರಿಯನ್ನೇ ಮುಚ್ಚುತ್ತದೆ. ಮಾತು ಕಡಿದು ಕಡಿದು ಬರುತ್ತದೆ ಅಥವಾ ಪೂರ್ತಿ ನಿಲ್ಲುತ್ತದೆ. ನಳಿಗೆಯನ್ನು ಮೆಷಿನ್ನಿನ ತುದಿಯ ಕೊಕ್ಕೆಯಿಂದ ಬಿಡಿಸಿ, ಗಾಳಿಬುಡ್ಡೆಯಿಂದ ಎರಡು ಸಲ ಒತ್ತಿದರೆ ಹನಿ ಹಾರಿಹೋಗುತ್ತದೆ. ಬಾಯಿಂದ ಊದಬೇಡಿ, ಉಸಿರಿನಲ್ಲೇ ತೇವವಿದೆ. ನಳಿಗೆ ಹಳದಿಗಟ್ಟಿ ಬಿರುಸಾದರೆ ಬದಲಿಸಿ. ಸಾಮಾನ್ಯವಾಗಿ ಮೂರರಿಂದ ಆರು ತಿಂಗಳಿಗೊಮ್ಮೆ ಬೇಕಾಗುತ್ತದೆ.

ಮೋಲ್ಡನ್ನು ವಾರಕ್ಕೆರಡು ಸಲ ಮೆಷಿನ್ನಿನಿಂದ ಕಳಚಿ, ಉಗುರುಬೆಚ್ಚನೆಯ ನೀರು, ಮೆದು ಸೋಪಿನಲ್ಲಿ ತೊಳೆದು ರಾತ್ರಿಯಿಡೀ ಒಣಗಲು ಬಿಡಿ. ಮೆಷಿನ್ನಿನ ದೇಹಕ್ಕೆ ನೀರು ತಾಗಿಸಬೇಡಿ. ಪೆಟ್ಟಿಗೆಯ ಮೇಲೆ ಐಪಿ 68 ಎಂದು ಬರೆದಿದ್ದರೂ ಅದು ಹೊಸ ಮೆಷಿನ್ನನ್ನು ಶುದ್ಧ ನೀರಿನಲ್ಲಿ ನಿಗದಿತ ಹೊತ್ತು ಮುಳುಗಿಸಿ ನೋಡಿದ ಪರೀಕ್ಷೆ. ವರ್ಷ ಕಳೆದ ಮೆಷಿನ್, ಬೆವರಿನ ಉಪ್ಪು, ದಿನಗಟ್ಟಲೆಯ ಜಡಿ ಆ ಪರೀಕ್ಷೆಯಲ್ಲಿ ಇರುವುದಿಲ್ಲ.

ಕಿವಿಗೂ ಬೂಷ್ಟು ಹಿಡಿಯುತ್ತದೆ. ಮುಚ್ಚಿದ ಮೋಲ್ಡಿನ ಒಳಗೆ ಬಿಸಿ, ತೇವ ಎರಡೂ ಇರುವುದರಿಂದ ಮಳೆಗಾಲದಲ್ಲಿ ಇದು ಸಾಮಾನ್ಯ. ವಿಪರೀತ ತುರಿಕೆ, ಕಿವಿ ಕಟ್ಟಿದಂತೆ, ಬಿಳಿ ಅಥವಾ ಕಪ್ಪು ಚುಕ್ಕೆಯ ಕೊಳೆ ಕಂಡರೆ ಮೆಷಿನ್ ತೆಗೆದು ಇಎನ್‌ಟಿ ವೈದ್ಯರಿಗೆ ತೋರಿಸಿ. ಬೆಳ್ಳುಳ್ಳಿ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆ ಬಿಡಬೇಡಿ. ಎಣ್ಣೆ ಬೂಷ್ಟನ್ನು ಕೊಲ್ಲುವುದಿಲ್ಲ, ತಮಟೆಯಲ್ಲಿ ತೂತಿದ್ದರೆ ಒಳಗಿಳಿಯುತ್ತದೆ, ಮೆಷಿನ್ನಿನ ಸ್ಪೀಕರನ್ನೂ ಮುಚ್ಚುತ್ತದೆ.

ಇನ್ನು ಹಗಲಿನ ಮಳೆ. ತಗಡಿನ ಶೀಟಿನ ಮೇಲೆ ಮಳೆ ಹೊಡೆಯುವಾಗ ಯಾವ ದುಬಾರಿ ಮೆಷಿನ್ನೂ ಎದುರಿನವರ ಮಾತನ್ನು ಪೂರ್ತಿ ಬಿಡಿಸಿಕೊಡದು. ಮಳೆಯ ಸದ್ದು ಎಲ್ಲ ಸ್ಥಾಯಿಗಳಲ್ಲೂ ಹರಡಿರುತ್ತದೆ, ಮಾತಿನ ಸ್ಥಾಯಿಯಲ್ಲೂ ಇರುತ್ತದೆ. ಹೆಂಚಿನ ಮಾಡಿನ ಅಥವಾ ಮರದ ಮುಚ್ಚಿಗೆ ಇರುವ ಕೋಣೆಗೆ ಹೋಗಿ, ಗೋಡೆಗೆ ಬೆನ್ನು ಕೊಟ್ಟು ಕೂತು, ಇನ್ನೂ ಹತ್ತಿರ ಬಂದು ಮಾತಾಡಿ. ರೇನ್‌ಕೋಟಿನ ಟೋಪಿ, ಮಫ್ಲರ್ ಮೈಕಿನ ಮೇಲೆ ಬಿದ್ದರೆ ಉಜ್ಜಿದ ಸದ್ದು, ಶಿಳ್ಳೆ ಎರಡೂ ಬರುತ್ತವೆ. ಕೊಡೆಯೇ ಒಳ್ಳೆಯದು, ಕೊಡೆಯನ್ನು ತಲೆಗೆ ತಾಗುವಷ್ಟು ಕೆಳಗೆ ಹಿಡಿಯಬೇಡಿ.

ಶಿಳ್ಳೆ, ಮೌನ, ಸೆಲ್

ಶಿಳ್ಳೆ ಬರುವುದು ಕಿವಿಯೊಳಗಿನ ಶಬ್ದ ಸೋರಿ ಮತ್ತೆ ಮೈಕಿಗೆ ಬಿದ್ದಾಗ. ಮೊದಲು ಮೋಲ್ಡನ್ನು ತೆಗೆದು ಸರಿಯಾಗಿ ಕೂರಿಸಿ, ಕಿವಿಯ ಮೇಲ್ತುದಿಯನ್ನು ಇನ್ನೊಂದು ಕೈಯಿಂದ ಹಿಂದಕ್ಕೆ ಎಳೆದು ಹಿಡಿದರೆ ಸುಲಭವಾಗಿ ಕೂರುತ್ತದೆ. ಆಗಲೂ ಬಂದರೆ ನಳಿಗೆಯಲ್ಲಿ ಬಿರುಕು ನೋಡಿ, ಆಮೇಲೆ ಕಿವಿಯ ಗುಗ್ಗೆ. ತೂಕ ಇಳಿದವರಿಗೆ ಹಳೆಯ ಮೋಲ್ಡು ಸಡಿಲವಾಗುತ್ತದೆ, ಹೊಸ ಅಚ್ಚು ತೆಗೆಸಬೇಕು. ಏನೂ ಕೇಳದಿದ್ದರೆ ಕ್ರಮ ಹೀಗಿರಲಿ: ಹೊಸ ಸೆಲ್, ಸೆಲ್ಲಿನ ಅಡಿಮೇಲು, ನಳಿಗೆಯ ಹನಿ, ಗುಗ್ಗೆ ತಡೆಯುವ ಬಿಳಿ ಜಾಲರಿ. ನಾಲ್ಕನ್ನೂ ನೋಡಿ ಆದ ಮೇಲೆ ರಿಪೇರಿ.

ಹೊಸ ಸೆಲ್ಲಿನ ಬಣ್ಣದ ಅಂಟುಪಟ್ಟಿ ತೆಗೆದು, ತಕ್ಷಣ ಹಾಕದೆ, ಅಂಗೈಯಲ್ಲಿ ಎರಡು ಮೂರು ನಿಮಿಷ ಇಟ್ಟುಕೊಳ್ಳಿ. ರಂಧ್ರದಿಂದ ಗಾಳಿ ಒಳಹೋದ ಮೇಲೆಯೇ ಅದಕ್ಕೆ ಪೂರ್ತಿ ಶಕ್ತಿ ಬರುವುದು, ಚಳಿಯಲ್ಲಿ ಅಂಗೈಯ ಬಿಸಿಯೂ ನೆರವಾಗುತ್ತದೆ. ಪಟ್ಟಿ ಮತ್ತೆ ಅಂಟಿಸಿದರೆ ಉಳಿತಾಯವಾಗದು, ಒಮ್ಮೆ ತೆಗೆದರೆ ಅದರ ಆಯಸ್ಸು ಶುರು. ಫ್ರಿಜ್‌ನಲ್ಲಿ ಇಡಬೇಡಿ. ಹಳೆಯ ಸೆಲ್ಲನ್ನು ಮಗುವೋ ನಾಯಿಮರಿಯೋ ನುಂಗಿದರೆ ವಾಂತಿ ಮಾಡಿಸುತ್ತ ಕೂರದೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ.

ಫೋನ್ ಬಂದಾಗ ಅದನ್ನು ಕಿವಿಯ ತೂತಿಗಲ್ಲ, ಮೆಷಿನ್ನಿನ ಮೈಕ್ ಇರುವ ಕಡೆಗೆ, ಕಿವಿಯ ಮೇಲ್ಭಾಗಕ್ಕೆ ಓರೆಯಾಗಿ ಹಿಡಿಯಿರಿ.

ಕೋವಿ ಮತ್ತು ಕಳೆ ಕೊಚ್ಚುವ ಮೆಷಿನ್

ಉಳಿದ ಕಿವಿಯನ್ನು ಕಾಯದಿದ್ದರೆ ಮೇಲಿನದೆಲ್ಲ ವ್ಯರ್ಥ. 85 ಡೆಸಿಬೆಲ್ ಶಬ್ದವನ್ನು ದಿನಕ್ಕೆ ಎಂಟು ಗಂಟೆ ತಡೆಯಬಹುದು. ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿದಂತೆ ಆ ಹೊತ್ತು ಅರ್ಧವಾಗುತ್ತದೆ: 88ಕ್ಕೆ ನಾಲ್ಕು ಗಂಟೆ, 91ಕ್ಕೆ ಎರಡು, 100ಕ್ಕೆ ಕಾಲು ಗಂಟೆ. ಕಳೆ ಕೊಚ್ಚುವ ಮೆಷಿನ್, ಮರ ಕೊಯ್ಯುವ ಗರಗಸ ಈ ಮಟ್ಟದಲ್ಲೂ ಇದಕ್ಕಿಂತ ಮೇಲೂ ಇರುತ್ತವೆ. ಕಿವಿ ಮೆಷಿನ್ ತೆಗೆದು, ಇಯರ್‌ಮಫ್ ಹಾಕಿಕೊಂಡೇ ಕೆಲಸಕ್ಕಿಳಿಯಿರಿ. ಕಿವಿ ಮೆಷಿನ್ನನ್ನೇ ಆಫ್ ಮಾಡಿಟ್ಟುಕೊಂಡರೆ ಅದು ಕಿವಿಮುಚ್ಚಿಗೆಯಾಗುವುದಿಲ್ಲ. ಹತ್ತಿಯುಂಡೆಯೂ ಆಗುವುದಿಲ್ಲ.

ಕೋವಿಯ ಒಂದೇ ಸಿಡಿತ 140 ಡೆಸಿಬೆಲ್ ದಾಟುತ್ತದೆ, ಒಮ್ಮೆಯಲ್ಲೇ ಕೋಶಗಳು ಸಾಯಬಹುದು. ಬಲಹೆಗಲಿಗೆ ಹಿಡಿದು ಹೊಡೆಯುವವರ ಎಡಗಿವಿ ಕೋವಿಯ ಬಾಯಿಗೆ ಹತ್ತಿರವಿರುತ್ತದೆ, ಬಲಗಿವಿಗೆ ತಲೆಯೇ ಮರೆ. ಹಳೆಯ ಬೇಟೆಗಾರರ, ಸೈನಿಕರ ಆಡಿಯೋಗ್ರಾಮಿನಲ್ಲಿ ನೀಲಿ ಗೆರೆ ಕೆಂಪಿಗಿಂತ ಕೆಳಗಿರುವುದಕ್ಕೆ ಬಹಳ ಸಲ ಇದೇ ಕಾರಣ. ಕೈಲ್‌ಪೊಳ್ದಿನ (ಆಯುಧ ಪೂಜೆಯ ಹಬ್ಬ) ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೆ, ಸುಗ್ಗಿಯ ಹಬ್ಬ ಹುತ್ತರಿಯ ಕದಿರು ಕೊಯ್ಯುವ ಹೊತ್ತಿಗೆ ಗುಂಡು ಹಾರುವ ಮುನ್ನ ಮೆಷಿನ್ ಡಬ್ಬಿಗೆ, ಕಿವಿಗೆ ಪ್ಲಗ್ಗು ಮತ್ತು ಮಫ್ಫು. ಪಕ್ಕ ನಿಂತ ಮಕ್ಕಳಿಗೂ ಅಷ್ಟೇ.

ಮೆಷಿನ್ ಸಾಲದಾದಾಗ

ಮೂರು ತಿಂಗಳು ದಿನವಿಡೀ ಹಾಕಿ, ಸೆಟ್ಟಿಂಗ್ ಸರಿಯಿದ್ದೂ, ತುಟಿ ನೋಡದೆ ಮಾತು ತಿಳಿಯುತ್ತಿಲ್ಲವೆಂದರೆ ಕಾಕ್ಲಿಯರ್ ಇಂಪ್ಲಾಂಟ್ ಬಗ್ಗೆ ಕೇಳಿ. ಹುಟ್ಟು ಕಿವುಡು ಮಕ್ಕಳಿಗಾದರೆ ಕಾಯುವುದೇ ತಪ್ಪು, ಮಾತು ಕಲಿಯುವ ವರ್ಷಗಳು ಮರಳಿ ಬರುವುದಿಲ್ಲ. ಶಸ್ತ್ರಚಿಕಿತ್ಸೆಯಲ್ಲಿ ಒಳಗಿವಿಯ ಶಂಖದೊಳಗೆ ತೆಳು ತಂತಿ ಇಳಿಸುತ್ತಾರೆ. ಅದರ ಮೇಲಿನ ಒಂದೆರಡು ಡಜನ್ ವಿದ್ಯುತ್ ಬಿಂದುಗಳು ಸತ್ತ ಕೂದಲ ಕೋಶಗಳನ್ನು ದಾಟಿ ನೇರವಾಗಿ ನರವನ್ನೇ ತಟ್ಟುತ್ತವೆ. ಸಾವಿರಾರು ಕೋಶಗಳ ಕೆಲಸ ಇಷ್ಟೇ ಬಿಂದುಗಳಿಗೆ ಬಿದ್ದರೂ ಜನ ಫೋನಿನಲ್ಲಿ ಮಾತಾಡುವ ಹಂತಕ್ಕೆ ಬರುತ್ತಾರೆಂದರೆ ಉಳಿದದ್ದನ್ನು ತುಂಬಿಕೊಳ್ಳುವುದು ಮಿದುಳೇ. ಗಾಯ ಮಾಗಿದ ಕೆಲವು ವಾರಗಳ ನಂತರವೇ ಅದನ್ನು ಆನ್ ಮಾಡುವುದು. ಮೊದಲ ದಿನ ಮನೆಯವರ ಧ್ವನಿ ತಗಡಿನ ಡಬ್ಬಿಯೊಳಗಿನ ಕಿಣಿಕಿಣಿಯಂತೆ ಕೇಳಬಹುದು. ಪತ್ರಿಕೆ ಓದಿಸುವ, ಜೋಡಿ ಪದದ ಅದೇ ಅಭ್ಯಾಸ ಇಲ್ಲೂ ನಡೆಯಬೇಕು, ಮೂರು ತಿಂಗಳಲ್ಲ, ಒಂದು ವರ್ಷ. ಎಂಆರ್‌ಐ ಮಾಡಿಸುವ ಮೊದಲು ಇಂಪ್ಲಾಂಟ್ ಇರುವುದನ್ನು ಹೇಳಲೇಬೇಕು, ಒಳಗೆ ಅಯಸ್ಕಾಂತ ಇರುತ್ತದೆ. ಹೊರಗಿನ ಪ್ರೊಸೆಸರ್ ಕಿವಿಯ ಹಿಂದೆಯೇ ಕೂರುವುದರಿಂದ ಆಷಾಢದಲ್ಲಿ ಅದಕ್ಕೂ ರಾತ್ರಿ ಅದೇ ಸಿಲಿಕಾ ಡಬ್ಬಿ, ಬೆಳಗ್ಗೆ ಅದೇ ಒಣಬಟ್ಟೆ.